ಅರ್ಜಿಯ ದತ್ತಾಂಶವನ್ನು ಜಾವಾ ತಂತ್ರಾಂಶಕ್ಕೆ ಜೋಡಿಸುವ ಮುಕ್ತ ಆಕರ ಸಾಧನ: ಪ್ರಸ್ತಾವನೆ ಹಾಗೂ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಸೇವೆಗಳಿಗಾಗಿ ಗಣಕಯಂತ್ರದ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರಿಗೆ ಪರದೆಯ ಮೇಲಿನ ನಮೂನೆ ಮಾತ್ರ ಕಾಣುತ್ತದೆ. "ಸಲ್ಲಿಸು" ಎಂಬ ಗುಂಡಿಯನ್ನು ಒತ್ತಿದ ನಂತರ ಆ ವಿವರಗಳು ಯಾವ ರೂಪದಲ್ಲಿ ಸಾಗುತ್ತವೆ, ಒಂದು ಇಲಾಖೆಯ ಗಣಕದಿಂದ ಇನ್ನೊಂದು ಇಲಾಖೆಯ ಗಣಕಕ್ಕೆ ಹೇಗೆ ವರ್ಗಾವಣೆಯಾಗುತ್ತವೆ ಮತ್ತು ಎಲ್ಲಿ ದೋಷ ಉಂಟಾಗಬಹುದು ಎಂಬುದು ತಿಳಿಯುವುದಿಲ್ಲ. ಅರ್ಜಿ ತಿರಸ್ಕೃತವಾದಾಗ ಮಾತ್ರ "ಹೆಸರು ಹೊಂದಾಣಿಕೆಯಾಗುತ್ತಿಲ್ಲ", "ಜನ್ಮ ದಿನಾಂಕ ಸರಿಯಿಲ್ಲ" ಎಂಬ ಒಕ್ಕಣೆ ಕಾಣಸಿಗುತ್ತದೆ.

ಈ ವರ್ಗಾವಣೆಯ ಹಂತದಲ್ಲಿ ಬಳಸಲು ಮುಕ್ತ ಆಕರ ಸಾಧನವೊಂದನ್ನು ಈ ಶಾಖೆಯು ಪ್ರಸ್ತಾಪಿಸಿದೆ. ಸಾಧನ ಯಾವುದು, ಅದರ ಅಗತ್ಯವೇನು, ಅದರಿಂದ ಅರ್ಜಿದಾರರಿಗೆ ಆಗುವ ಅನುಕೂಲವೇನು, ಅದರ ಮಿತಿಗಳೇನು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ. ಅರ್ಜಿ ಸಲ್ಲಿಸುವ ವಿಧಾನದಲ್ಲಾಗಲಿ, ಶುಲ್ಕದಲ್ಲಾಗಲಿ ಈ ಪ್ರಸ್ತಾವನೆಯಿಂದ ಯಾವುದೇ ಬದಲಾವಣೆ ಆಗುವುದಿಲ್ಲ.

2. ಹಿನ್ನೆಲೆ

ಕರ್ನಾಟಕದಲ್ಲಿ ದಾಖಲೆಗಳ ಗಣಕೀಕರಣವು ಬಹು ಹಿಂದೆಯೇ ಆರಂಭವಾಯಿತು. 2000ದ ಸುಮಾರಿಗೆ ಜಾರಿಗೆ ಬಂದ "ಭೂಮಿ" ಯೋಜನೆಯು ಕೈಬರಹದ ಪಹಣಿಯ ಸ್ಥಾನದಲ್ಲಿ ಗಣಕೀಕೃತ ಪಹಣಿಯನ್ನು ತಂದಿತು. 2005ರಲ್ಲಿ "ಬೆಂಗಳೂರು ಒನ್" ಕೇಂದ್ರಗಳು ಆರಂಭವಾದವು. 2011ರ ಕರ್ನಾಟಕ ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮದ ಅಡಿಯಲ್ಲಿ 2012ರಲ್ಲಿ "ಸಕಾಲ" ಜಾರಿಗೆ ಬಂದು, ಸೇವೆಗಳಿಗೆ ಕಾಲಮಿತಿ ನಿಗದಿಯಾಯಿತು. 2015ರಲ್ಲಿ ಕೇಂದ್ರ ಸರ್ಕಾರದ "ಡಿಜಿಲಾಕರ್" ಆರಂಭವಾಯಿತು.

ಆರಂಭದ ವರ್ಷಗಳಲ್ಲಿ ಪ್ರತಿಯೊಂದು ಇಲಾಖೆಯ ಗಣಕ ವ್ಯವಸ್ಥೆಯೂ ಪ್ರತ್ಯೇಕವಾಗಿತ್ತು. ನಾಗರಿಕರು ಒಂದು ಕಚೇರಿಯಲ್ಲಿ ಪ್ರಮಾಣಪತ್ರ ಪಡೆದು ಇನ್ನೊಂದು ಕಚೇರಿಗೆ ಕೊಂಡೊಯ್ಯುತ್ತಿದ್ದರು. ಈಗ ಗಣಕಗಳೇ ಪರಸ್ಪರ ವಿಚಾರಿಸಿಕೊಳ್ಳುತ್ತವೆ. ಉದಾಹರಣೆಗೆ, ವೃತ್ತಿಶಿಕ್ಷಣ ಪ್ರವೇಶಕ್ಕೆ ಅರ್ಜಿ ಹಾಕುವ ವಿದ್ಯಾರ್ಥಿಯು ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆಯನ್ನು ನಮೂದಿಸಿದಾಗ, ಕಂದಾಯ ಇಲಾಖೆಯ ದತ್ತಾಂಶದೊಂದಿಗೆ ಅದನ್ನು ತಾಳೆ ನೋಡಲಾಗುತ್ತದೆ. ತಾಳೆಯಾಗದಿದ್ದಲ್ಲಿ ವಿದ್ಯಾರ್ಥಿಯ ಮೀಸಲಾತಿಯ ಹಕ್ಕು ಮತ್ತು ಶುಲ್ಕ ವಿನಾಯಿತಿ ತೂಗುಯ್ಯಾಲೆಯಲ್ಲಿ ಉಳಿಯುತ್ತವೆ. ಪ್ರವೇಶದ ದಿನಾಂಕಗಳು ಯಾರಿಗಾಗಿಯೂ ಕಾಯುವುದಿಲ್ಲ. ಆದುದರಿಂದ ಗಣಕಗಳ ನಡುವಿನ ವರ್ಗಾವಣೆಯು ತಾಂತ್ರಿಕ ವಿಷಯವಾದರೂ ಅದರ ಪರಿಣಾಮವು ನೇರವಾಗಿ ಕುಟುಂಬಗಳ ಮೇಲೆ ಆಗುತ್ತದೆ.

3. ಎಕ್ಸ್‌ಎಂಎಲ್ ಎಂದರೇನು?

ವಿವಿಧ ಗಣಕ ವ್ಯವಸ್ಥೆಗಳು ಪರಸ್ಪರ ಅರ್ಥಮಾಡಿಕೊಳ್ಳುವಂತೆ ಮಾಹಿತಿಯನ್ನು ಬರೆಯುವ ಒಂದು ಮುಕ್ತ ವಿಧಾನವೇ ಎಕ್ಸ್‌ಎಂಎಲ್. ವರ್ಲ್ಡ್ ವೈಡ್ ವೆಬ್ ಒಕ್ಕೂಟವು 1998ರ ಫೆಬ್ರವರಿಯಲ್ಲಿ ಇದನ್ನು ಶಿಫಾರಸು ಮಾಡಿತು. ಇದರಲ್ಲಿ ಪ್ರತಿಯೊಂದು ವಿವರವನ್ನೂ ಅದರ ಹೆಸರಿನ ಪಟ್ಟಿಗಳ ನಡುವೆ ಇಡಲಾಗುತ್ತದೆ. ಪಟ್ಟಿಗಳ ಹೆಸರುಗಳನ್ನು ಕನ್ನಡದಲ್ಲಿಯೂ ಬರೆಯಬಹುದು. ಒಂದು ಮಾದರಿ:

<ಅರ್ಜಿ>
  <ಜನ್ಮದಿನಾಂಕ>2004-06-09</ಜನ್ಮದಿನಾಂಕ>
  <ಬಡಾವಣೆ>ಅನ್ನಪೂರ್ಣೇಶ್ವರಿ ನಗರ</ಬಡಾವಣೆ>
  <ವಾರ್ಷಿಕವರಮಾನ>96000</ವಾರ್ಷಿಕವರಮಾನ>
</ಅರ್ಜಿ>

ಆಧಾರ್ ದೃಢೀಕರಣದ ವಿನಂತಿಗಳು ಮತ್ತು 2018ರಲ್ಲಿ ಆಧಾರ್ ಪ್ರಾಧಿಕಾರವು ಪರಿಚಯಿಸಿದ ಕಾಗದರಹಿತ ಆಫ್‌ಲೈನ್ ಇ-ಕೆವೈಸಿ ಕಡತವು ಎಕ್ಸ್‌ಎಂಎಲ್ ರೂಪದಲ್ಲಿವೆ. ಡಿಜಿಲಾಕರ್‌ಗೆ ಪ್ರಮಾಣಪತ್ರ ನೀಡುವ ಸಂಸ್ಥೆಗಳಿಗಾಗಿ ರೂಪಿಸಲಾದ ವಿನಿಮಯ ವಿಧಾನವೂ, ನಾಗರಿಕರು ದಿನನಿತ್ಯ ಬಳಸುವ ಯುಪಿಐ ಪಾವತಿಯ ಸಂದೇಶಗಳೂ ಇದನ್ನೇ ಅವಲಂಬಿಸಿ ರೂಪುಗೊಂಡವು.

ಎಕ್ಸ್‌ಎಂಎಲ್‌ಗೆ ಸಂಬಂಧಿಸಿದ ಇನ್ನೊಂದು ದಾಖಲೆಯೆಂದರೆ "ಸ್ಕೀಮಾ". ಯಾವ ವಿವರ ಕಡ್ಡಾಯ, ಯಾವುದು ಐಚ್ಛಿಕ, ದಿನಾಂಕದ ಕ್ರಮವೇನು, ಯಾವ ಕಾಲಂನಲ್ಲಿ ಅಂಕಿಗಳು ಮಾತ್ರ ಇರತಕ್ಕದ್ದು ಎಂಬ ನಿಯಮಗಳನ್ನು ಸ್ಕೀಮಾದಲ್ಲಿ ಬರೆದಿಡಲಾಗುತ್ತದೆ. ಅರ್ಜಿ ನಮೂನೆಯ ಹಿಂಬದಿಯಲ್ಲಿ ಅಚ್ಚಾಗುವ "ಭರ್ತಿ ಮಾಡುವವರಿಗೆ ಸೂಚನೆಗಳು" ಇದ್ದಂತೆಯೇ ಇದೂ ಸಹ. ವ್ಯತ್ಯಾಸವೇನೆಂದರೆ, ಈ ಸೂಚನೆಗಳನ್ನು ಗಣಕವೇ ಓದಿ ಪಾಲಿಸುತ್ತದೆ.

4. "ಜೋಡಣೆ"ಯ ಅಗತ್ಯ

ಅನೇಕ ಇ-ಆಡಳಿತ ತಂತ್ರಾಂಶಗಳು ಜಾವಾ ಎಂಬ ಗಣಕ ಭಾಷೆಯಲ್ಲಿ ರಚಿತವಾಗಿವೆ. ಜಾವಾ ತಂತ್ರಾಂಶವು ಮಾಹಿತಿಯನ್ನು "ಆಬ್ಜೆಕ್ಟ್" ಎಂಬ ಘಟಕಗಳಲ್ಲಿ ಇಟ್ಟುಕೊಳ್ಳುತ್ತದೆ. ಹೊರಗಿನಿಂದ ಬಂದ ಎಕ್ಸ್‌ಎಂಎಲ್ ಪಠ್ಯದಲ್ಲಿನ ಪ್ರತಿಯೊಂದು ವಿವರವನ್ನು ಜಾವಾ ಘಟಕದ ಸರಿಯಾದ ಸ್ಥಾನಕ್ಕೆ ತಲುಪಿಸುವ ಕಾರ್ಯವನ್ನು ಜೋಡಣೆ ಅಥವಾ "ಬೈಂಡಿಂಗ್" ಎನ್ನುತ್ತಾರೆ.

ಲೆಕ್ಕಪತ್ರದ ಪರಿಚಯ ಇರುವವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಕಿರ್ದಿಯಲ್ಲಿ ದಿನದ ವಹಿವಾಟು ಬರೆದ ಮೇಲೆ ಪ್ರತಿಯೊಂದು ಬಾಬನ್ನು ಆಯಾ ಖಾತೆಗೆ ಇಳಿಸಬೇಕು. ಬಾಡಿಗೆಯ ಬಾಬು ಸಂಬಳದ ಖಾತೆಗೆ ಇಳಿದರೆ ಕಿರ್ದಿ ಸರಿಯಿದ್ದರೂ ಖಾತೆ ತಪ್ಪಾಗುತ್ತದೆ. ಅಷ್ಟೇ ಅಲ್ಲ, ಖರ್ಚು-ಖರ್ಚಿನ ನಡುವಿನ ಇಂತಹ ತಪ್ಪು ತಾಳೆಪಟ್ಟಿಯಲ್ಲಿಯೂ ಕಾಣುವುದಿಲ್ಲ. ಒಟ್ಟು ಮೊತ್ತ ಸರಿಯಾಗಿಯೇ ಇರುತ್ತದೆ. ಎಕ್ಸ್‌ಎಂಎಲ್ ಕಿರ್ದಿಯಾದರೆ ಜಾವಾ ಆಬ್ಜೆಕ್ಟ್ ಖಾತೆ. ಜೋಡಣೆಯೆಂದರೆ ಇಳಿಸುವ ಕೆಲಸ.

ಸಾಧನವಿಲ್ಲದೆ ಈ ಕೆಲಸ ಮಾಡುವಾಗ, ತಂತ್ರಾಂಶ ರಚಿಸುವವರು ಪ್ರತಿಯೊಂದು ಕಾಲಂಗೂ ಪ್ರತ್ಯೇಕ ಸೂಚನೆಗಳನ್ನು ಕೈಯಿಂದಲೇ ಬರೆಯಬೇಕಾಗುತ್ತದೆ. ನಮೂನೆಯಲ್ಲಿ ಒಂದು ಕಾಲಂ ಬದಲಾದರೆ ಅನೇಕ ಕಡೆಗಳಲ್ಲಿ ತಿದ್ದುಪಡಿ ಮಾಡಬೇಕು. ಒಂದು ಕಡೆ ತಿದ್ದುವುದು ಬಿಟ್ಟುಹೋದರೂ ದೋಷ ಉಳಿಯುತ್ತದೆ. ಜೋಡಣೆ ಸಾಧನವಾದರೋ ಸ್ಕೀಮಾವನ್ನು ಓದಿ, ಅದಕ್ಕೆ ಅನುಗುಣವಾದ ಜಾವಾ ಘಟಕಗಳನ್ನು ತಾನೇ ಸಿದ್ಧಪಡಿಸುತ್ತದೆ.

5. ಎಲ್ಲಿ ದೋಷ ಉಂಟಾಗಬಹುದು?

ಅರ್ಜಿದಾರರಿಗೆ ನೇರವಾಗಿ ಸಂಬಂಧಿಸಿದ ಐದು ಬಗೆಯ ದೋಷಗಳನ್ನು ಇಲ್ಲಿ ಉದಾಹರಣೆ ಸಹಿತ ನೀಡಲಾಗಿದೆ.

(ಅ) ದಿನಾಂಕ: 09-06-2004 ಎಂಬುದು ಜೂನ್ 9 ಆಗಬಹುದು, ಸೆಪ್ಟೆಂಬರ್ 6 ಕೂಡ ಆಗಬಹುದು. ಸ್ಕೀಮಾದ ದಿನಾಂಕ ವಿಧದಲ್ಲಿ ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮ ಇರುವುದರಿಂದ ಈ ಗೊಂದಲ ಇರುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಜನ್ಮ ದಿನಾಂಕವನ್ನು ಬರೀ ದಿನಾಂಕವಾಗಿ ಇಡದೆ ಗಂಟೆ-ನಿಮಿಷ ಸಹಿತ ಇಟ್ಟಲ್ಲಿ, ಭಾರತೀಯ ಕಾಲಮಾನದ ಜೂನ್ 9ರ ಮಧ್ಯರಾತ್ರಿ 12 ಗಂಟೆಯು ಅಂತರರಾಷ್ಟ್ರೀಯ ಕಾಲಮಾನದಲ್ಲಿ ಜೂನ್ 8ರ ಸಂಜೆ 6.30 ಆಗುತ್ತದೆ. ಐದೂವರೆ ಗಂಟೆಯ ಈ ಅಂತರದಿಂದ ಜನ್ಮ ದಿನಾಂಕವೇ ಒಂದು ದಿನ ಹಿಂದಕ್ಕೆ ಸರಿದು, ಇತರ ದಾಖಲೆಗಳೊಂದಿಗೆ ತಾಳೆಯಾಗದಂತೆ ಆಗಬಹುದು.

(ಆ) ಖಾಲಿ ಮತ್ತು ಸೊನ್ನೆ: ವರಮಾನದ ಕಾಲಂ ಖಾಲಿ ಬಿಡುವುದಕ್ಕೂ, "0" ಎಂದು ಬರೆಯುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು "ತಿಳಿಸಿಲ್ಲ", ಎರಡನೆಯದು "ವರಮಾನವಿಲ್ಲ". ಕೈಯಿಂದ ಬರೆದ ಜೋಡಣೆಯಲ್ಲಿ ಖಾಲಿ ಕಾಲಂ ತಾನಾಗಿಯೇ ಸೊನ್ನೆಯಾಗುವ ಸಂಭವ ಉಂಟು. ಕಾಲಂ ಐಚ್ಛಿಕವೆಂದು ಸ್ಕೀಮಾದಲ್ಲಿ ಘೋಷಿಸಿದ್ದರೆ, ಪ್ರಸ್ತಾಪಿತ ಸಾಧನವು ಖಾಲಿಯನ್ನು ಖಾಲಿಯಾಗಿಯೇ ಇಡಬಲ್ಲ ಘಟಕವನ್ನು ಸಿದ್ಧಪಡಿಸುತ್ತದೆ.

(ಇ) ಮುಂದಿನ ಸೊನ್ನೆಗಳು: ಬ್ಯಾಂಕ್ ಖಾತೆ ಸಂಖ್ಯೆ ನೋಡಲು ಅಂಕಿಗಳಾದರೂ ಅದು ಕೂಡುವ-ಕಳೆಯುವ ಮೊತ್ತವಲ್ಲ. 00123 ಎಂಬುದನ್ನು ಮೊತ್ತವೆಂದು ಓದಿದರೆ 123 ಮಾತ್ರ ಉಳಿಯುತ್ತದೆ. ವಿದ್ಯಾರ್ಥಿವೇತನ ಅಥವಾ ಪಿಂಚಣಿ ಆ ಖಾತೆಗೆ ತಲುಪುವುದಿಲ್ಲ. ಖಾತೆ ಸಂಖ್ಯೆಯನ್ನು ಅಕ್ಷರಗಳ ಸರಣಿ ಎಂದೂ, ವರಮಾನವನ್ನು ದಶಮಾಂಶ ಮೊತ್ತ ಎಂದೂ ಸ್ಕೀಮಾದಲ್ಲಿ ಘೋಷಿಸತಕ್ಕದ್ದು.

(ಈ) ಕನ್ನಡ ಅಕ್ಷರಗಳು: "ಅನ್ನಪೂರ್ಣೇಶ್ವರಿ" ಎಂಬ ಪದವನ್ನು ನಾವು ಆರು ಅಕ್ಷರಗಳಾಗಿ ಓದುತ್ತೇವೆ. ಯೂನಿಕೋಡ್ ಪದ್ಧತಿಯಲ್ಲಿ ಗುಣಿತದ ಚಿಹ್ನೆಗಳು ಮತ್ತು ಒತ್ತಕ್ಷರಗಳು ಪ್ರತ್ಯೇಕ ಸಂಕೇತಗಳಾಗುವುದರಿಂದ ಗಣಕವು ಇದನ್ನು 15 ಸಂಕೇತಗಳಾಗಿ ಎಣಿಸುತ್ತದೆ. ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ ಒಟ್ಟು 45 ಬೈಟ್ ಸ್ಥಳ ಬೇಕು. ಆಂಗ್ಲ ಅಕ್ಷರಗಳನ್ನಷ್ಟೇ ಗಮನದಲ್ಲಿರಿಸಿ 40 ಬೈಟ್‌ಗಳ ಕಾಲಂ ಮಾಡಿದ್ದರೆ "ಅನ್ನಪೂರ್ಣೇಶ್ವ" ಎಂಬಷ್ಟು ಮಾತ್ರ ಹಿಡಿಸಿ, ಕೊನೆಯ "ರಿ" ಕತ್ತರಿಸಿಹೋಗುತ್ತದೆ. ಇದಲ್ಲದೆ, "ಣೇ" ಅಕ್ಷರದಲ್ಲಿನ ದೀರ್ಘ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವ ಎತ್ವ ಮತ್ತು ದೀರ್ಘದ ಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ. ತಾಳೆ ನೋಡುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವುದು ಅವಶ್ಯ.

(ಉ) ಸ್ಥಳದ ಹೆಸರು: ಇದೇ ಬಡಾವಣೆಯ ಹೆಸರನ್ನು ಆಂಗ್ಲದಲ್ಲಿ ಬರೆಯುವಾಗ "ಪೂ" ಅಕ್ಷರಕ್ಕೆ ಕೆಲವರು ಒಂದು "ಯು" ಬಳಸುತ್ತಾರೆ, ಕೆಲವರು ಎರಡು "ಓ" ಬಳಸುತ್ತಾರೆ. "ನಗರ"ವನ್ನು ಕೆಲವರು ಸೇರಿಸಿ ಬರೆದರೆ ಕೆಲವರು ಬಿಡಿಸಿ ಬರೆಯುತ್ತಾರೆ. ನಗರದ ಆಂಗ್ಲ ಹೆಸರು 2014ರ ನವೆಂಬರ್ 1ರಿಂದ "ಬೆಂಗಳೂರು" ಎಂದು ಬದಲಾಗಿದ್ದರೂ ಹಳೆಯ ದಾಖಲೆಗಳಲ್ಲಿ "ಬ್ಯಾಂಗಲೋರ್" ಎಂದೇ ಇದೆ. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಯಾದವು. ಇಂತಹ ಹೆಸರುಗಳನ್ನು ಪ್ರತಿಯೊಬ್ಬರೂ ಬೆರಳಚ್ಚಿಸುವ ಬದಲು, ಸ್ಕೀಮಾದಲ್ಲಿ ಅಂಗೀಕೃತ ಪಟ್ಟಿಯನ್ನು ಅಥವಾ ಸಂಕೇತ ಸಂಖ್ಯೆಯನ್ನು ನಿಗದಿಪಡಿಸಿದಲ್ಲಿ ಬದಲಾವಣೆಯನ್ನು ಒಂದೇ ಕಡೆ ಮಾಡಿದರೆ ಸಾಕಾಗುತ್ತದೆ.

6. ಪ್ರಸ್ತಾಪಿಸಲಾಗಿರುವ ಸಾಧನ

ಪ್ರಸ್ತಾಪಿಸಲಾಗಿರುವ ಸಾಧನದ ಹೆಸರು "ಜಕಾರ್ತಾ ಎಕ್ಸ್‌ಎಂಎಲ್ ಬೈಂಡಿಂಗ್". ಇದು ಹಿಂದೆ "ಜಾಕ್ಸ್‌ಬಿ" ಎಂಬ ಹೆಸರಿನಿಂದ ಪರಿಚಿತವಾಗಿತ್ತು. ಇದರ ಮೊದಲ ಆವೃತ್ತಿ 2003ರಲ್ಲಿ, ಎರಡನೆಯ ಆವೃತ್ತಿ 2006ರಲ್ಲಿ ಪ್ರಕಟವಾಯಿತು. ಅದೇ ವರ್ಷ ಜಾವಾದ 6ನೇ ಆವೃತ್ತಿಯಲ್ಲಿ ಇದನ್ನು ಸೇರಿಸಿಕೊಳ್ಳಲಾಯಿತು. 2018ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 11ನೇ ಆವೃತ್ತಿಯಿಂದ ಇದನ್ನು ಕೈಬಿಡಲಾಯಿತು.

ಮುಕ್ತ ಆಕರದ ಮಹತ್ವವು ಇಲ್ಲಿಯೇ ಸ್ಪಷ್ಟವಾಗುತ್ತದೆ. ಒಂದೇ ಕಂಪನಿಯ ಒಡೆತನದಲ್ಲಿರುವ, ಆಕರ ಸಂಕೇತ ಗುಪ್ತವಾಗಿರುವ ಸಾಧನವನ್ನು ಆ ಕಂಪನಿ ಕೈಬಿಟ್ಟಲ್ಲಿ, ಅದನ್ನು ನೆಚ್ಚಿಕೊಂಡ ಕಚೇರಿಗಳು ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಗುತ್ತಿತ್ತು. ಜಾಕ್ಸ್‌ಬಿಯ ಆಕರ ಸಂಕೇತ ಮುಕ್ತವಾಗಿದ್ದುದರಿಂದ ಅದು ಎಕ್ಲಿಪ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ಮುಂದುವರಿಯಿತು. 2020ರಲ್ಲಿ 3ನೇ ಆವೃತ್ತಿಯು ಹೊಸ ಹೆಸರಿನಲ್ಲಿ ಹೊರಬಂದಿತು. ಹಳೆಯ ತಂತ್ರಾಂಶಗಳಲ್ಲಿ ಹೆಸರಿನ ಆರಂಭ ಭಾಗವನ್ನು ಬದಲಾಯಿಸುವ ಕೆಲಸ ಬಿದ್ದಿತೇ ಹೊರತು, ಸ್ಕೀಮಾಗಳಾಗಲಿ ದತ್ತಾಂಶವಾಗಲಿ ವ್ಯರ್ಥವಾಗಲಿಲ್ಲ.

ಇದೇ ಕಾರ್ಯಕ್ಕೆ ಕ್ಯಾಸ್ಟರ್, ಜಿಬ್‌ಎಕ್ಸ್, ಅಪಾಚೆ ಎಕ್ಸ್‌ಎಂಎಲ್‌ಬೀನ್ಸ್ ಮುಂತಾದ ಇತರ ಮುಕ್ತ ಆಕರ ಸಾಧನಗಳೂ ಬಂದಿವೆ. ಜಕಾರ್ತಾ ಸಾಧನವನ್ನು ಆರಿಸಲು ಕಾರಣವೆಂದರೆ, ಅದು ಪ್ರಕಟಿತ ನಿರ್ದಿಷ್ಟತೆಯನ್ನು ಅನುಸರಿಸುತ್ತದೆ. ಆದುದರಿಂದ ಅದೇ ನಿರ್ದಿಷ್ಟತೆಯನ್ನು ಪಾಲಿಸುವ ಬೇರೊಂದು ಸಾಧನಕ್ಕೆ ಮುಂದೆ ಬದಲಾಯಿಸಿಕೊಳ್ಳಲು ಸಾಧ್ಯ. ಕೇಂದ್ರ ಸರ್ಕಾರದ 2010ರ ಇ-ಆಡಳಿತ ಮುಕ್ತ ಮಾನಕಗಳ ನೀತಿ ಹಾಗೂ 2015ರ ಮುಕ್ತ ಆಕರ ತಂತ್ರಾಂಶ ಅಳವಡಿಕೆ ನೀತಿಗಳ ಆಶಯವೂ ಇದೇ ಆಗಿದೆ.

ಪರವಾನಗಿ ಶುಲ್ಕವಿಲ್ಲ ಎಂದ ಮಾತ್ರಕ್ಕೆ ವೆಚ್ಚವೇ ಇಲ್ಲವೆಂದು ಭಾವಿಸಬಾರದು. ಸಿಬ್ಬಂದಿಯ ತರಬೇತಿ, ಪರೀಕ್ಷೆ, ಹೊಸ ಆವೃತ್ತಿಗಳ ಅಳವಡಿಕೆ ಇವುಗಳಿಗೆ ವೆಚ್ಚ ತಗಲುತ್ತದೆ. ಆದರೆ ಈ ವೆಚ್ಚವು ಇಲಾಖೆಯ ಸ್ವಂತ ಸಾಮರ್ಥ್ಯವನ್ನು ಬೆಳೆಸುತ್ತದೆ.

7. ಅಳವಡಿಕೆಯ ಷರತ್ತುಗಳು

ಸಾಧನವನ್ನು ಅಳವಡಿಸುವುದರಿಂದಲೇ ಎಲ್ಲವೂ ಸರಿಹೋಗುವುದಿಲ್ಲ. ಪ್ರಸ್ತಾವನೆಯಲ್ಲಿ ಈ ಕೆಳಕಂಡ ಷರತ್ತುಗಳನ್ನು ಸೇರಿಸಲಾಗಿದೆ.

(1) ಸ್ಕೀಮಾ ಪರಿಶೀಲನೆ ಕಡ್ಡಾಯ. ಸ್ಕೀಮಾವನ್ನು ಜೊತೆಗೆ ಕೊಡದಿದ್ದಲ್ಲಿ ಈ ಸಾಧನವು ತನಗೆ ಪರಿಚಯವಿಲ್ಲದ ವಿವರಗಳನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಸಾಗುತ್ತದೆ. ಕಾಲಂನ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಅರ್ಜಿದಾರರು ನೀಡಿದ ವಿವರವೇ ಕಾಣೆಯಾಗಬಹುದು. ಆದ್ದರಿಂದ ಪರಿಶೀಲನೆಯನ್ನು ಚಾಲನೆಯಲ್ಲಿಟ್ಟೇ ಓದತಕ್ಕದ್ದು.

(2) ಮೂಲ ಕಡತದ ಸಂರಕ್ಷಣೆ. ಡಿಜಿಟಲ್ ಸಹಿ ಇರುವ ಎಕ್ಸ್‌ಎಂಎಲ್ ಕಡತವನ್ನು ಜಾವಾ ಘಟಕಕ್ಕೆ ಜೋಡಿಸಿ ಮರಳಿ ಬರೆದಾಗ ಖಾಲಿ ಸ್ಥಳ, ಸಾಲುಗಳ ಜೋಡಣೆ ಮುಂತಾದವು ಬದಲಾಗಿ, ಸಹಿ ಅಸಿಂಧುವಾಗಬಹುದು. ಆದ್ದರಿಂದ ಮೊದಲು ಮೂಲ ಕಡತದ ಮೇಲೆಯೇ ಸಹಿಯನ್ನು ಪರಿಶೀಲಿಸಿ, ಮೂಲವನ್ನು ಹಾಗೆಯೇ ಕಾಪಿಟ್ಟು, ತದನಂತರ ಜೋಡಣೆ ಮಾಡತಕ್ಕದ್ದು.

(3) ಭದ್ರತೆ. ಎಕ್ಸ್‌ಎಂಎಲ್‌ನಲ್ಲಿ ಹೊರಗಿನ ಕಡತಗಳನ್ನು ಉಲ್ಲೇಖಿಸಿ ಒಳತರುವ ಸೌಲಭ್ಯವಿದೆ. ದುರುದ್ದೇಶವುಳ್ಳವರು ಇದರ ಮೂಲಕ ಸರ್ವರಿನಲ್ಲಿರುವ ಇತರ ಕಡತಗಳನ್ನು ಓದಲು ಯತ್ನಿಸಬಹುದು. ಅರ್ಜಿಗಳಿಗೆ ಈ ಸೌಲಭ್ಯದ ಅಗತ್ಯವಿಲ್ಲವಾದ್ದರಿಂದ ಅದನ್ನು ನಿಷ್ಕ್ರಿಯಗೊಳಿಸತಕ್ಕದ್ದು.

(4) ಕಾರಣ ತಿಳಿಸುವುದು. ದೋಷ ಕಂಡುಬಂದಲ್ಲಿ ಯಾವ ಕಾಲಂ, ಏನು ದೋಷ ಎಂಬುದನ್ನು ಅರ್ಜಿ ಸಲ್ಲಿಸುವ ಹಂತದಲ್ಲಿಯೇ ಕನ್ನಡದಲ್ಲಿ ತಿಳಿಸತಕ್ಕದ್ದು. ಎಲ್ಲಾ ದೋಷಗಳನ್ನು ಒಂದೇ ಬಾರಿಗೆ ಪಟ್ಟಿ ಮಾಡತಕ್ಕದ್ದು. ಒಂದನ್ನು ಸರಿಪಡಿಸಿದ ಮೇಲೆ ಮತ್ತೊಂದನ್ನು ಹೇಳಿ ಅರ್ಜಿದಾರರನ್ನು ಅಲೆದಾಡಿಸಬಾರದು.

ನಾಲ್ಕನೆಯ ಷರತ್ತು ನಾಗರಿಕರ ದೃಷ್ಟಿಯಿಂದ ಅತಿ ಮುಖ್ಯವಾದುದು. ಸಲ್ಲಿಸುವಾಗಲೇ ತಿಳಿದ ದೋಷವನ್ನು ಐದು ನಿಮಿಷದಲ್ಲಿ ಸರಿಪಡಿಸಬಹುದು. ವಾರಗಳ ನಂತರ ತಿಳಿದರೆ ಕಾಲಮಿತಿಯೇ ಮುಗಿದಿರುತ್ತದೆ.

8. ಸಾಧನದ ಮಿತಿಗಳು

ಈ ಸಾಧನವು ವಿವರದ ರೂಪವನ್ನು ಪರಿಶೀಲಿಸುತ್ತದೆಯೇ ಹೊರತು ಸತ್ಯಾಸತ್ಯತೆಯನ್ನಲ್ಲ. ವರಮಾನದ ಕಾಲಂನಲ್ಲಿ ಅಂಕಿಗಳೇ ಇವೆಯೇ ಎಂದು ನೋಡಬಲ್ಲದು. ಆ ವರಮಾನ ನಿಜವೇ ಎಂಬುದನ್ನು ಸ್ಥಳ ಪರಿಶೀಲನೆಯೇ ಹೇಳಬೇಕು. ಅರ್ಜಿಯನ್ನು ಮಂಜೂರು ಮಾಡುವ ಅಥವಾ ತಿರಸ್ಕರಿಸುವ ಅಧಿಕಾರವು ಸಕ್ಷಮ ಅಧಿಕಾರಿಯದೇ ಆಗಿರುತ್ತದೆ. ಎರಡನೆಯದಾಗಿ, ಸ್ಕೀಮಾವನ್ನೇ ತಪ್ಪಾಗಿ ಬರೆದಲ್ಲಿ ಸಾಧನವು ಆ ತಪ್ಪನ್ನೇ ನಿಷ್ಠೆಯಿಂದ ಪಾಲಿಸುತ್ತದೆ. ಏಕಪದದ ಹೆಸರುಳ್ಳ ವ್ಯಕ್ತಿಗೆ ಉಪನಾಮ ಕಡ್ಡಾಯವೆಂದು ಸ್ಕೀಮಾ ಹೇಳಿದರೆ, ಅರ್ಹ ವ್ಯಕ್ತಿಯ ಅರ್ಜಿಯೇ ಮುಂದೆ ಹೋಗುವುದಿಲ್ಲ. ಆದ್ದರಿಂದ ಸ್ಕೀಮಾವನ್ನು ತಂತ್ರಜ್ಞರು ಮಾತ್ರವಲ್ಲದೆ, ಅರ್ಜಿಗಳನ್ನು ದಿನನಿತ್ಯ ನಿರ್ವಹಿಸುವ ಸಿಬ್ಬಂದಿಯೂ ಪರಿಶೀಲಿಸುವುದು ಅವಶ್ಯವಾಗಿದೆ.

ಎಕ್ಸ್‌ಎಂಎಲ್ ಎಲ್ಲಾ ಕಡೆಯೂ ಉಳಿದಿಲ್ಲ ಎಂಬುದನ್ನೂ ಗಮನಿಸಬೇಕು. ಆದಾಯ ತೆರಿಗೆ ವಿವರಣೆಗಳ ಸಲ್ಲಿಕೆಯಲ್ಲಿ 2021-22ರ ನಿರ್ಧರಣಾ ವರ್ಷದಿಂದ ಅದರ ಸ್ಥಾನಕ್ಕೆ ಜೇಸನ್ ಎಂಬ ಇನ್ನೊಂದು ವಿಧಾನ ಬಂದಿದೆ. ಆದರೂ ಡಿಜಿಟಲ್ ಸಹಿ ಮತ್ತು ಕಟ್ಟುನಿಟ್ಟಾದ ಸ್ಕೀಮಾ ಅಗತ್ಯವಿರುವಲ್ಲಿ ಎಕ್ಸ್‌ಎಂಎಲ್ ಇಂದಿಗೂ ಉಪಯುಕ್ತವಾಗಿದೆ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

• ಹೆಸರನ್ನು ಎಲ್ಲಾ ಅರ್ಜಿಗಳಲ್ಲಿಯೂ ಒಂದೇ ರೀತಿ ಬರೆಯುವುದು. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ-ಮುಂದೆ ಆಗಿದ್ದಲ್ಲಿ, ಪ್ರವೇಶ ಪ್ರಕ್ರಿಯೆ ಆರಂಭವಾಗುವ ಮೊದಲೇ ಸರಿಪಡಿಸಿಕೊಳ್ಳುವುದು.
• ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಬೆರಳಚ್ಚಿಸುವುದು. ನುಡಿ ತಂತ್ರಾಂಶ ಬಳಸುವವರು ಅದರಲ್ಲಿ ಯೂನಿಕೋಡ್ ಆಯ್ಕೆ ಮಾಡಿಕೊಳ್ಳುವುದು. ಹಳೆಯ ಅಕ್ಷರ ವಿನ್ಯಾಸದ ಕಡತದಿಂದ ನಕಲು ಮಾಡಿ ಅಂಟಿಸಿದಲ್ಲಿ ಅರ್ಥವಿಲ್ಲದ ಆಂಗ್ಲ ಅಕ್ಷರಗಳು ಮೂಡುತ್ತವೆ.
• ಆಫ್‌ಲೈನ್ ಇ-ಕೆವೈಸಿ ಕಡತವನ್ನು ತೆರೆದು ತಿದ್ದಬಾರದು. ಒಂದು ಅಕ್ಷರ ಬದಲಾದರೂ ಡಿಜಿಟಲ್ ಸಹಿ ತಾಳೆಯಾಗುವುದಿಲ್ಲ. ಈ ಕಡತದಲ್ಲಿ ಪೂರ್ಣ ಆಧಾರ್ ಸಂಖ್ಯೆ ಇರುವುದಿಲ್ಲ. ಕೊನೆಯ ನಾಲ್ಕು ಅಂಕಿಗಳು ಮಾತ್ರ ಇರುತ್ತವೆ. ಕಡತಕ್ಕೆ ನೀಡಿದ ಗುಪ್ತ ಸಂಕೇತವನ್ನು ಸಂಬಂಧಪಟ್ಟವರಿಗೆ ಹೊರತು ಬೇರೆ ಯಾರಿಗೂ ತಿಳಿಸಬಾರದು.
• ಬ್ಯಾಂಕ್ ಖಾತೆ ಸಂಖ್ಯೆಯನ್ನು ಪಾಸ್ ಪುಸ್ತಕದಲ್ಲಿ ಇರುವಂತೆಯೇ, ಮುಂದಿನ ಸೊನ್ನೆಗಳ ಸಹಿತ ಬರೆಯುವುದು.
• ಅನ್ವಯಿಸದ ಕಾಲಂನಲ್ಲಿ ಸೊನ್ನೆ, ಅಡ್ಡಗೆರೆ ಇತ್ಯಾದಿ ಹಾಕದೆ ನಮೂನೆಯಲ್ಲಿನ ಸೂಚನೆಯಂತೆ ನಡೆಯುವುದು.
• ಸಲ್ಲಿಸುವ ಮುನ್ನ ಜನ್ಮ ದಿನಾಂಕವನ್ನೂ, ಸಲ್ಲಿಸಿದ ನಂತರ ಸ್ವೀಕೃತಿಯಲ್ಲಿ ಮುದ್ರಿತವಾದ ದಿನಾಂಕವನ್ನೂ ಹೋಲಿಸಿ ನೋಡುವುದು.
• ಸಕಾಲ ವ್ಯಾಪ್ತಿಯ ಸೇವೆಯಾದಲ್ಲಿ ಸ್ವೀಕೃತಿಯಲ್ಲಿನ ಜಿ.ಎಸ್.ಸಿ. ಸಂಖ್ಯೆಯನ್ನು ಕಾಪಾಡಿಕೊಳ್ಳುವುದು. ಅರ್ಜಿ ತಿರಸ್ಕೃತವಾದಲ್ಲಿ ಅಥವಾ ವಿಳಂಬವಾದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸುವ ಹಕ್ಕು ಇರುತ್ತದೆ. ಅಧಿನಿಯಮದಲ್ಲಿ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚಕ್ಕೆ ಅವಕಾಶ ಕಲ್ಪಿಸಲಾಗಿದೆ.

10. ಉಪಸಂಹಾರ

ಕಾಗದದ ಅರ್ಜಿಯಲ್ಲಿ ಅಕ್ಷರ ಅಸ್ಪಷ್ಟವಾಗಿದ್ದರೆ ಗುಮಾಸ್ತರು ಅರ್ಜಿದಾರರನ್ನೇ ಕೇಳಿ ತಿಳಿಯುತ್ತಿದ್ದರು. ಗಣಕಗಳು ಪರಸ್ಪರ ವ್ಯವಹರಿಸುವಾಗ ಹಾಗೆ ಕೇಳುವವರು ಯಾರೂ ಇರುವುದಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಮುಂಚಿತವಾಗಿ ಸ್ಕೀಮಾದಲ್ಲಿ ಬರೆದಿಟ್ಟು, ಎಲ್ಲರೂ ಪರಿಶೀಲಿಸಬಹುದಾದ ಮುಕ್ತ ಸಾಧನದ ಮೂಲಕ ಅವನ್ನು ಪಾಲಿಸುವುದೇ ಈ ಪ್ರಸ್ತಾವನೆಯ ಉದ್ದೇಶವಾಗಿದೆ. ಅರ್ಜಿ ನಮೂನೆಯ ಯಾವುದೇ ಕಾಲಂ ತಮ್ಮ ಹೆಸರು, ವಿಳಾಸ ಅಥವಾ ಕುಟುಂಬದ ಸ್ಥಿತಿಗೆ ಹೊಂದಿಕೆಯಾಗುತ್ತಿಲ್ಲವೆಂದು ಕಂಡುಬಂದಲ್ಲಿ, ಸಾರ್ವಜನಿಕರು ಅದನ್ನು ಲಿಖಿತವಾಗಿ ಇಲಾಖೆಯ ಗಮನಕ್ಕೆ ತರಲು ಕೋರಲಾಗಿದೆ.

ಶಾಖಾಧಿಕಾರಿ